ವೋಫಾ ಎಸ್ಸಾಂಡೋನ ಸುತ್ತುಗಳು

ಎಸ್ಸಾಂಡೋ ನಿಂತು ಮಾತಾಡಿದ್ದನ್ನು ನಮ್ಮ ಬಂದರು ಊರು ಟಾಕೊರಾಡಿಯಲ್ಲಿ ಕಂಡವರಿಲ್ಲ. ಅವನ ಬಾಯಿಂದ ಒಂದು ಒಳ್ಳೆಯ ಪುಸ್ತಕದ ಹೆಸರು ಬೇಕೆಂದರೆ ಅವನ ಜೊತೆ ನಮ್ಮ ದುಂಡು ಮಾರುಕಟ್ಟೆಯನ್ನು ಸುತ್ತಬೇಕಿತ್ತು: ಸಣ್ಣದಕ್ಕೆ ಒಂದು ಸುತ್ತು, ದಪ್ಪನೆಯದಕ್ಕೆ ಎರಡು, ಏಳು ರಾಜ್ಯ, ಮೂರು ತಲೆಮಾರು, ಮಾತಾಡುವ ನದಿ ಎಲ್ಲ ಇರುವಂಥದ್ದಕ್ಕೆ ಮೂರು. ಬಲಗಾಲನ್ನು ಕೊಂಚ ಎಳೆದು, ಎಳೆದ ನಷ್ಟವನ್ನು ಎಡಗಾಲಿನಲ್ಲಿ ತುಂಬಿಕೊಳ್ಳುತ್ತ ಅವನು ಹೋಗುವ ಬಿರುಸಿಗೆ ಹಿಂದೆ ಬಿದ್ದವರಿಗೆ ಅರ್ಧ ಕಥೆಯಷ್ಟೇ ದಕ್ಕುತ್ತಿತ್ತು.

ಸೋದರಮಾವನನ್ನು ಕರೆಯುವಂತೆ ಎಲ್ಲರೂ ಅವನನ್ನು ವೋಫಾ ಎನ್ನುತ್ತಿದ್ದರು. ಹಡಗಿನ ಅಡುಗೆಯವನೊಬ್ಬ ಬಿಟ್ಟುಹೋದ ಉಣ್ಣೆಯ ಕೋಟನ್ನು ನಮ್ಮ ಕಡಲಸೆಕೆಯಲ್ಲೂ ಬಿಚ್ಚುತ್ತಿರಲಿಲ್ಲ. ಅದರೊಳಗೆ ಹನ್ನೊಂದು ಜೇಬು ಹೊಲಿಸಿಕೊಂಡು, ನಾವಿಕರು ಬಂದರಿನಲ್ಲಿ ಬಿಟ್ಟ ಕಾದಂಬರಿಗಳನ್ನು ತುಂಬಿರುತ್ತಿದ್ದ. ಅದೂ ಮಾಯಾಲೋಕದ ಕಥೆಗಳನ್ನು ಮಾತ್ರ. ಪ್ರೇಮದ್ದು, ಪತ್ತೇದಾರಿಯದ್ದು ಸಿಕ್ಕರೆ ಕಡಲೆಕಾಯಿ ಮಾರುವವರಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಡುತ್ತಿದ್ದ.

ನಿನಗೆ ಎಂಥದ್ದು ಇಷ್ಟ ಎಂದು ಅವನು ಯಾರನ್ನೂ ಕೇಳಿದವನಲ್ಲ. "ಇವತ್ತು ಯಾರ ಮೇಲೆ ಸಿಟ್ಟು?" ಎನ್ನುತ್ತಿದ್ದ. ನಾನು ರೈಲ್ವೆ ಕಾರ್ಖಾನೆಯಲ್ಲಿ ಬಾಯ್ಲರ್ ಬಡಿಯುತ್ತಿದ್ದಾಗ ಮೇಸ್ತ್ರಿಯ ಹೆಸರು ಹೇಳಿದೆ. ನಿದ್ದೆಹೋದ ದೈತ್ಯನ ಮೈಯಿಂದ ದಿನಕ್ಕೊಂದು ಎಲುಬು ಕದಿಯುವ ಆಳಿನ ಕಥೆಯನ್ನು ಕೈಗಿಟ್ಟ. ಐದನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದೆ. ಆಮೇಲೆ ಆರು ತಿಂಗಳು ಮೇಸ್ತ್ರಿ ಬೈಯುವಾಗಲೆಲ್ಲ ಅವನ ಎಲುಬು ಎಣಿಸುತ್ತ ನಿಂತಿರುತ್ತಿದ್ದೆ.

ಓದಿ ಬಂದವರಿಗೆ ಅವನದೊಂದು ಕಟ್ಟಳೆ: "ಕೊನೆ ಹೇಳಬೇಡ. ಮುಖ ತೋರಿಸು, ಸಾಕು." ಮುಂದೆ ಓದುವವರ ಸುಖ ಕೆಡದಿರಲೆಂಬ ಸಜ್ಜನಿಕೆ ಇದು ಎಂದುಕೊಂಡಿದ್ದೆವು. ಒಂದು ದಿನ, ಇಪ್ಪತ್ತು ವರ್ಷದಿಂದ ಅವನು ಹೊಗಳುತ್ತ, ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಪುಸ್ತಕವೊಂದನ್ನು ತಿರುವಿದಾಗ, ಕೊನೆಯ ಹಾಳೆಗಳು ಅಂಚು ಬಿಡಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ಅವನು ಮುಚ್ಚಿಡಲಿಲ್ಲ. "ಮುಗಿಸಿದ ಪುಸ್ತಕದ ಬಗ್ಗೆ ನನಗೆ ಮಾತೇ ಹೊರಡಲ್ಲ ಕಣಯ್ಯಾ," ಎಂದು ನಡೆದೇಬಿಟ್ಟ. ನಾನು ನಕ್ಕು ಗುಟ್ಟು ಕಾಪಾಡಿದೆ. ಆ ನಗುವಿಗೆ ಆಮೇಲೆ ನಾಚಿಕೊಂಡೆ.

ಮಾರುಕಟ್ಟೆಯ ಬಂದರಿನ ಕಡೆಯ ಬಾಗಿಲಲ್ಲಿ ಎಸಿ ಬೈಡೂ ಎಂಬಾಕೆ ಕೆಂಕೆ ಬೇಯಿಸಿ ಮಾರುತ್ತಿದ್ದಳು. ಎಲೆಯಲ್ಲಿ ಸುತ್ತಿದ ಆ ಜೋಳದ ಹಿಟ್ಟಿನ ಮುದ್ದೆಗೆ ಅವಳದೇ ಹದ. ಅವಳ ಮಗ ಎಕೋ ಮೀನಿಗೆ ಹೋದ ದೋಣಿ ಆರು ತಿಂಗಳಾದರೂ ಮರಳಿರಲಿಲ್ಲ. ಇಗರ್ಜಿಯವರು ಸ್ಮರಣೆಯ ಪ್ರಾರ್ಥನೆಗೆ ದಿನ ಕೇಳುತ್ತಿದ್ದರು. ಎಸಿ ದಿನ ಕೊಡಲಿಲ್ಲ, ಶೋಕದ ಕಪ್ಪು ಬಟ್ಟೆ ಉಡಲೂ ಇಲ್ಲ. ಅವಳು ಒಂದು ಬೆಳಿಗ್ಗೆ ಎಸ್ಸಾಂಡೋನ ಪ್ರಶ್ನೆಗೆ ಕಡಲಿನ ಮೇಲೆ ಸಿಟ್ಟು ಎಂದಳಂತೆ. ಅವನು ಮೂರು ಸುತ್ತು ನಡೆಸಿದ. ಕಡಲರಾಜನ ಒಂಬತ್ತು ಬಾಗಿಲು ದಾಟಿ ಮಗನನ್ನು ಬಿಡಿಸಿ ತರಲು ಹೋಗುವ ತಾಯಿಯ ಕಥೆ ಅದು. ಒಂಬತ್ತನೆಯ ಬಾಗಿಲ ಚಿಲಕಕ್ಕೆ ಅವಳು ಕೈ ಹಾಕುವಲ್ಲಿಗೆ ಹೇಳಿ ನಿಲ್ಲಿಸಿದ. ಪುಸ್ತಕವನ್ನು ಎದೆಗವಚಿಕೊಂಡು ಎಸಿ ಹೋದದ್ದನ್ನು ನಾನೇ ನೋಡಿದೆ, ತಡೆಯಲಿಲ್ಲ.

ನಾಲ್ಕನೆಯ ದಿನ ಅವಳು ಒಲೆ ಹಚ್ಚಲಿಲ್ಲ. ಅವನು ಬರುವ ದಾರಿಗೆ ಅಡ್ಡವಾಗಿ ನಿಂತಳು.

"ಆ ತಾಯಿ ಬರಿಗೈಲಿ ವಾಪಸ್ ಬರ್ತಾಳೆ ವೋಫಾ. ಗೊತ್ತಿದ್ದೇ ಕೊಟ್ರಾ?"

ಎಸ್ಸಾಂಡೋ ನಿಂತ. "ಗೊತ್ತಿರಲಿಲ್ಲ. ಕೊನೆ ನಾನು ಓದಲ್ಲ ಎಸಿ. ಯಾವುದರದ್ದೂ."

ಎಸಿ ಪುಸ್ತಕವನ್ನು ಅವನ ಜೇಬಿಗೆ ತಾನೇ ತುರುಕಿ ಹೊರಟುಹೋದಳು. ಗೆಣಸು ಮಾರುವ ಹೆಂಗಸೊಬ್ಬಳು ಕೂತಲ್ಲಿಂದಲೇ ಚುಚ್ಚಿದಳು: "ಅಂದ್ರೆ ಇಷ್ಟು ವರ್ಷ ರುಚಿ ನೋಡದ ಸಾರು ಬಡಿಸಿದ್ದೀರಿ ನಮಗೆ."

ಮರುದಿನದಿಂದ ಅವನು ನನ್ನ ಜಗುಲಿಯಲ್ಲಿ ಕೂತು ಕೊನೆಗಳನ್ನು ಓದತೊಡಗಿದ. ಹನ್ನೊಂದು ಜೇಬಿನದೂ ಮುಗಿಯಿತು, ಮನೆಯ ಪೆಟ್ಟಿಗೆಯದೂ ಮುಗಿಯಿತು. ಮೂರು ವಾರದಲ್ಲಿ ಮನುಷ್ಯ ಕುಗ್ಗಿಹೋದ. ಪುಸ್ತಕ ಕೇಳಲು ಬಂದವರಿಗೆ, ಇದು ಚೆನ್ನಾಗಿದೆ, ಅದು ದುಃಖದ್ದು ಬೇಡ, ಎಂದು ಕೂತೇ ಹೇಳುವನು. ಅವರು ಬರಿಗೈಲಿ ಹೋಗುವರು. ಕೂತಿದ್ದರೂ ಕಾಲು ಮಾತ್ರ ನೆಲದ ಮೇಲೆ ಒಂದೇ ಸಮನೆ ಹೆಜ್ಜೆ ಹಾಕುತ್ತಿತ್ತು.

ಕೊನೆಗೆ ಎಸಿಯೇ ಬಂದಳು. ಜಗುಲಿ ಹತ್ತಲಿಲ್ಲ.

"ಎದ್ದೇಳಿ ವೋಫಾ. ಕೊನೆ ಗೊತ್ತಿಲ್ಲದ್ದು ಒಂದು ಕೊಡಿ."

"ಆ ತಪ್ಪು ಇನ್ನೊಂದು ಸಲ ಮಾಡಲ್ಲ ತಾಯಿ."

"ನನ್ನ ಎಕೋನ ಕೊನೆ ಈ ಊರಲ್ಲಿ ಎಲ್ರಿಗೂ ಗೊತ್ತು. ಪಾದ್ರಿಗೆ ಗೊತ್ತು. ನನ್ನ ತಂಗಿಗೆ ಗೊತ್ತು. ದರ್ಜಿ ಕಪ್ಪು ಬಟ್ಟೆ ಕತ್ತರಿಸಿ ಇಟ್ಟಿದ್ದಾನೆ. ಗೊತ್ತಿಲ್ಲದೋರು ಅಂತ ಇದ್ದದ್ದು ನೀವೊಬ್ರೇ. ನೀವೂ ಹೀಗೆ ಕೂತ್ರೆ ನಾನು ಯಾರ ಜೊತೆ ನಡೀಲಿ?"

ಅವನು ಅವಳ ಮುಖ ನೋಡಿದ. ಎದ್ದು, ಬಿಚ್ಚಿಟ್ಟಿದ್ದ ಕೋಟು ತೊಟ್ಟ, ಹಿಂದಿನ ದಿನವಷ್ಟೇ ಬಂದರಿನಿಂದ ಬಂದಿದ್ದ, ಕೊನೆ ಇನ್ನೂ ನೋಡಿರದ ಪುಸ್ತಕವೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಗಿಳಿದ. ಎಸಿ ಅವನ ಹಿಂದೆ ಅರೆ ಓಟದಲ್ಲಿ ಹೋದಳು.

ತಾವೇ ತಲುಪದ ಊರಿಗೆ ದಾರಿ ಹೇಳುವ ಇಂಥವರು ಸುಳ್ಳರಲ್ಲ, ಪಂಡಿತರೂ ಅಲ್ಲ. ಅವರನ್ನು ನಂಬಿ ಹೋದವರು ಎದೆ ಒಡೆದುಕೊಂಡು ಬರುವುದುಂಟು. ಆ ಹೊಣೆ ದಾರಿ ಹೇಳಿದವರದೇ, ನಾನು ಇಂದಿಗೂ ಆ ತಪ್ಪನ್ನು ಮನ್ನಿಸಿಲ್ಲ. ಆದರೆ ಎಲ್ಲವನ್ನೂ ಬಲ್ಲವರು ಪ್ರತಿ ಊರಿನಲ್ಲೂ ಬೇಕಾದಷ್ಟು ಇರುತ್ತಾರೆ, ಅವರೆಲ್ಲ ಹೇಳುವುದು ಸಾಮಾನ್ಯವಾಗಿ ನಿಜವೂ ಆಗಿರುತ್ತದೆ. ಅವರಲ್ಲಿ ಯಾರೊಬ್ಬರೂ, ಇನ್ನೂ ಕಾಯುತ್ತಿರುವ ಮನುಷ್ಯನ ಜೊತೆ ಒಂದು ಸುತ್ತು ನಡೆಯಲಾರರು.