ಇಪ್ಪತ್ತೆರಡು ಜೇನುಹುಳಗಳು

ನನ್ನ ತಂಗಿಯ ಕಣ್ಣು ಮಂಜಾದದ್ದು ಒಂದು ಸೋಮವಾರ. ಕುಂಬಳದ ಗಂಡು ಹೂವನ್ನು ಕೈಯಲ್ಲಿ ಹಿಡಿದುಕೊಂಡು, ಹೆಣ್ಣು ಹೂವು ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಅದು ಅವಳ ಮೂಗಿನ ಮುಂದೆಯೇ ಇತ್ತು. ಆಟ ಆಡುತ್ತಿದ್ದಾಳೆ ಎಂದುಕೊಂಡು ಬೈದೆ. ತಿರುಗಿ ನೋಡಿದರೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕೈ ನಡುಗುತ್ತಿತ್ತು. ಬೈದದ್ದನ್ನು ಇವತ್ತಿಗೂ ನಾನು ಮರೆತಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾವು ಇಪ್ಪತ್ತೆರಡು ಜನ ಹೆಂಗಸರು, ಕಂಪನಿಯ ಕುಂಬಳದ ತೋಟದಲ್ಲಿ ಜೇನುಹುಳದ ಕೆಲಸ ಮಾಡುವವರು. ಬೆಳಕು ಹರಿಯುವಾಗ ಹೂವು ಅರಳುತ್ತದೆ, ಹತ್ತು ಗಂಟೆಗೆಲ್ಲ ಮುದುಡುತ್ತದೆ. ಅಷ್ಟರೊಳಗೆ ಗಂಡು ಹೂವು ಕಿತ್ತು, ಎಸಳು ಸುಲಿದು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಸವರಬೇಕು. ಸವರದಿದ್ದರೆ ಹೂವಿನ ಬುಡದ ಪೀಚು ಹಳದಿಯಾಗಿ ಉದುರಿಹೋಗುತ್ತದೆ. ಒಬ್ಬಳಿಗೆ ಬೆಳಿಗ್ಗೆಗೆ ಐದು ಸಾಲು.

ಮೊದಲು ಈ ಕೆಲಸಕ್ಕೆ ನಿಜವಾದ ಜೇನುಹುಳಗಳೇ ಇದ್ದವು. ಆಮೇಲೆ ಕಂಪನಿಯವರು ಹೊಸ ತಳಿ ತಂದರು. ಬೀಜದ ಒಳಗೇ ಯಾವುದೋ ಸೂಕ್ಷ್ಮಜೀವಿಯ ಗುಣ ಸೇರಿಸಿದ್ದಾರಂತೆ, ಎಲೆ ಕಡಿದ ಹುಳ ಅಲ್ಲೇ ಸಾಯುತ್ತದಂತೆ. ಸತ್ತದ್ದು ನಿಜ, ಸುಳ್ಳು ಹೇಳಬಾರದು. ರಸ್ತೆಗೆ ಕಾಣುವಂತೆ ‘ಔಷಧಿ ಹೊಡೆಯದ ತೋಟ’ ಎಂದು ದೊಡ್ಡ ಬೋರ್ಡು ಹಾಕಿದರು. ಎರಡು ಬೆಳೆ ಚೆನ್ನಾಗಿ ಬಂತು. ಮೂರನೆಯದಕ್ಕೆ ಬಿಳಿನೊಣ ಬಂತು. ಅದು ಎಲೆ ಕಡಿಯುವುದಿಲ್ಲ, ರಸ ಹೀರುತ್ತದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ.

ಬೋರ್ಡು ಹಾಕಿಯಾಗಿದೆ, ಔಷಧಿ ಹೊಡೆಯುವಂತಿಲ್ಲ. ಹಾಗಾಗಿ ಟಾನಿಕ್ ಹೊಡೆಯತೊಡಗಿದರು. ಚೀಟಿ ಕಿತ್ತ ಕ್ಯಾನುಗಳು ಬಂದವು. ಸಂಜೆ ಗಂಡಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಟಾನಿಕ್ ಹೊಡೆಯುತ್ತಿದ್ದರು, ಬೆಳಿಗ್ಗೆ ಅದೇ ಒದ್ದೆ ಎಲೆಗಳ ನಡುವೆ ನಾವು ಕೈ ಹಾಕುತ್ತಿದ್ದೆವು. ಒಂದೇ ವಾರದಲ್ಲಿ ಸಾಲುಗಳ ನಡುವೆ ಜೇನುಹುಳಗಳು ಸುರಿದ ರಾಗಿಯಂತೆ ಬಿದ್ದಿದ್ದವು. ಗುಡಿಸಿ ಹಾಕಿದವರೂ ನಾವೇ, ಅವುಗಳ ಜಾಗಕ್ಕೆ ಸೇರಿದವರೂ ನಾವೇ.

ಕಾಯಿ ಕೊಳ್ಳುವ ಕಡೆಯಿಂದ ಒಂದು ಫಾರಂ ಬಂದಿತ್ತು. ತೋಟದಲ್ಲಿ ಪರಾಗ ಹೊರುವ ಜೀವಿಗಳು ದಿನಕ್ಕೆ ಎಷ್ಟು ಬರುತ್ತವೆ ಎಂದು ಕೇಳಿದ್ದರು. ನಮ್ಮ ಮ್ಯಾನೇಜರು ಓದಿಕೊಂಡ ಮನುಷ್ಯ, ಸುಳ್ಳು ಬರೆಯುವ ಪೈಕಿ ಅಲ್ಲ. ‘ಇಪ್ಪತ್ತೆರಡು’ ಎಂದು ಬರೆದರು. ಕೂಲಿಗಳು ಎಷ್ಟು ಎಂಬ ಸಾಲಿನಲ್ಲಿ ನಮ್ಮನ್ನು ಎರಡನೇ ಸಲ ಎಣಿಸುವುದು ತಪ್ಪಾಗುತ್ತದೆಂದು ಅಲ್ಲಿಂದ ಹೊಡೆದುಹಾಕಿದರು. ಅಂದಿನಿಂದ ನಾವು ಕಾಗದದಲ್ಲಿ ಜೇನುಹುಳ. ಮೊದಮೊದಲು ನಮಗೂ ನಗು. ಬುತ್ತಿ ಬಿಚ್ಚುವಾಗ ಒಬ್ಬರನ್ನೊಬ್ಬರು ರಾಣಿ ಎಂದು ಕರೆದು ರೇಗಿಸಿದ್ದೆವು.

ತಂಗಿಯನ್ನು ಆ ಸೋಮವಾರವೇ ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿದರು. ಕಣ್ಣಿನ ಬೊಂಬೆ ಸಾಸಿವೆ ಕಾಳಿನಷ್ಟಾಗಿತ್ತು. ಮೊದಲ ಸೂಜಿ ಚುಚ್ಚಿ ಜೊಲ್ಲು ನಿಲ್ಲಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದರು.

“ಯಾವ ವಿಷ ಅಂತ ಗೊತ್ತಾಗದೆ ಮುಂದಿನ ಮದ್ದು ಕೊಡೋಕಾಗಲ್ಲಮ್ಮ. ಒಂದಕ್ಕೆ ಕೊಡೋದು ಇನ್ನೊಂದಕ್ಕೆ ಆಗಿಬರಲ್ಲ. ಕ್ಯಾನಿನ ಮೇಲಿರೋ ಹೆಸರು ತಗೊಂಡು ಬಾ. ಎಷ್ಟು ಬೇಗ ಆದ್ರೆ ಅಷ್ಟು ಬೇಗ ಬಾ, ಎರಡು ಮೂರು ದಿನ ಮೀರಬಾರದು. ಆಮೇಲೆ ಕಣ್ಣಿನ ಆಸೆ ಬಿಡಬೇಕಾಗುತ್ತೆ.”

ಮಂಗಳವಾರ ಆಫೀಸಿನ ಬಾಗಿಲಲ್ಲಿ ನಿಂತೆ. ಔಷಧಿಯ ಹೆಸರು ಕೇಳಿದೆ. ಈ ತೋಟದಲ್ಲಿ ಔಷಧಿಯೇ ಹೊಡೆಯುವುದಿಲ್ಲ, ಬೋರ್ಡು ಓದಿಲ್ಲವೇ ಎಂದರು ಮ್ಯಾನೇಜರು. ಹಾಗಾದರೆ ಟಾನಿಕ್ಕಿನ ಹೆಸರು ಹೇಳಿ ಎಂದೆ. ಅದು ಕಂಪನಿಯ ಗುಟ್ಟಂತೆ. ಕಾಯಿಲೆಯ ಅರ್ಜಿ ಕೊಡುತ್ತೇನೆಂದರೆ ಗುಮಾಸ್ತ ರಿಜಿಸ್ಟರ್ ತೆಗೆದು, ಅರ್ಜಿ ಕೂಲಿಯವರಿಗೆ ಮಾತ್ರ ಇರುವುದು, ನಿನ್ನ ತಂಗಿ ಪರಾಗದ ಪಟ್ಟಿಯಲ್ಲಿದ್ದಾಳೆ ಎಂದ. ಅವಳ ಹೆಸರಿನ ಮುಂದೆ ಆಗಲೇ ‘ಒಂದು ಹಿಂತಿರುಗಿಲ್ಲ’ ಎಂದು ಬರೆದಿತ್ತು.

ಸಂಜೆ ಎಲ್ಲರಿಗೂ ಹೇಳಿದೆ. ನಮ್ಮಲ್ಲಿ ಹಿರಿಯಳು ದೊಡ್ಡಮ್ಮ. ಅವಳಿಗೆ ಕೋಪ ಬಂದರೆ ಮಾತು ಕಡಿಮೆಯಾಗುತ್ತದೆ. “ನಾಳೆ ಕಾಯಿ ಕೊಳ್ಳೋರ ಕಡೆಯಿಂದ ತಪಾಸಣೆಯವರು ಬರ್ತಾರಲ್ಲ, ನೋಡೋಣ” ಎಂದಳು, ಅಷ್ಟೇ.

ಬುಧವಾರ ಎಂಟು ಗಂಟೆಗೆ ತಪಾಸಣೆಯವರು ಫಾರಂ ಹಿಡಿದು ಬಂದರು. ಪರಾಗ ಹೊರುವ ಜೀವಿಗಳನ್ನು ತೋರಿಸಿ ಎಂದರು. ಮ್ಯಾನೇಜರು ನಮ್ಮ ಕಡೆ ಕೈ ತೋರಿಸಿದರು. ತಪಾಸಣೆಯವರು ಬೈಯುತ್ತಾರೆ, ನಗುತ್ತಾರೆ, ಏನಾದರೂ ಮಾಡುತ್ತಾರೆ ಎಂದು ನಾನು ಕಾದೆ. ಅವರು ಬೆರಳು ಮಾಡಿ ಎಣಿಸಿದರು.

“ಇಪ್ಪತ್ತೊಂದೇ ಇವೆ.”

“ಒಂದು ಹಾರಿಹೋಗಿದೆ ಸರ್.”

“ಕುಟುಕ್ತಾವಾ?”

“ಇಲ್ಲ ಸರ್. ತುಂಬಾ ಸಾಧು.”

ತಪಾಸಣೆಯವರು ಬರೆದುಕೊಂಡರು. ಆಗ ದೊಡ್ಡಮ್ಮ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು ಬದುವಿನ ಮೇಲೆ ಕೂತಳು. ನಾವೂ ಕೂತೆವು. ಅಷ್ಟುದ್ದದ ತೋಟದಲ್ಲಿ ಹೂವುಗಳು ಬಾಯಿ ತೆರೆದುಕೊಂಡು ನಮ್ಮನ್ನೇ ಕಾಯುತ್ತಿದ್ದವು. ಮ್ಯಾನೇಜರು ಮೊದಲು ನಕ್ಕರು, ಆಮೇಲೆ ಗದರಿದರು, ಒಂಬತ್ತಕ್ಕೆ ಕೈ ಮುಗಿದರು. ತಪಾಸಣೆಯವರು ಜೇನು ಯಾಕೆ ಕೂತಿವೆ ಎಂದು ಕೇಳಿದಾಗ ಮ್ಯಾನೇಜರು ಹವಾಮಾನ ಸರಿಯಿಲ್ಲ ಎಂದರು. ಬಿಸಿಲು ಚೆನ್ನಾಗಿಯೇ ಇತ್ತು. ತಪಾಸಣೆಯವರು ‘ಹವಾಮಾನ’ ಎಂದು ಬರೆದುಕೊಂಡು ಕಾಫಿಗೆ ಹೋದರು.

ಒಂಬತ್ತೂವರೆಗೆ ಮೊದಲ ಸಾಲಿನ ಹೂವುಗಳ ಅಂಚು ಸುರುಳಿಯಾಗತೊಡಗಿತು. ಮ್ಯಾನೇಜರು ದೊಡ್ಡಮ್ಮನ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

“ಏನು ಬೇಕು ನಿಮಗೆ?”

“ಕ್ಯಾನಲ್ಲಿರೋದರ ಹೆಸರು ಸಾಹೇಬ್ರೇ.”

ಅವರು ಸುತ್ತ ನೋಡಿದರು. ಅಂಗಿಯ ಜೇಬಿಗೆ ಕೈ ಹಾಕಿ, ಗುರುತಿನ ಕಾರ್ಡಿನ ಹಿಂದಿನಿಂದ ಪ್ಲಾಸ್ಟಿಕ್ ಹಾಕಿದ ಸಣ್ಣ ಚೀಟಿಯೊಂದನ್ನು ತೆಗೆದರು. ಅದು ಅವರದೇ ಚೀಟಿ. ಎಲ್ಲಾದರೂ ತಲೆ ಸುತ್ತಿ ಬಿದ್ದರೆ ಡಾಕ್ಟರಿಗೆ ತೋರಿಸಲಿ ಎಂದು ಕಂಪನಿ ಆಫೀಸಿನ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟಿತ್ತಂತೆ. ಹೆಸರು, ಮದ್ದು, ಎಷ್ಟು ಕೊಡಬೇಕು, ಎಲ್ಲ ಅದರಲ್ಲಿತ್ತು. ನನ್ನ ತಂಗಿ ಆಸ್ಪತ್ರೆಯ ಗೋಡೆ ತಡವುತ್ತಾ ಬಚ್ಚಲು ಹುಡುಕುತ್ತಿದ್ದ ಹೊತ್ತಿನಲ್ಲಿ ಅದು ಇವರ ಎದೆಯ ಮೇಲೆ ಬೆಚ್ಚಗಿತ್ತು.

ಕೊಡಿ ಎಂದು ಕೈ ಚಾಚಿದೆ. ಕೊಡಲಿಲ್ಲ. ಬರೆದದ್ದು ಹೊರಗೆ ಹೋಗುವಂತಿಲ್ಲ, ಓದುತ್ತೇನೆ, ಕೇಳಿಕೊಳ್ಳಿ ಎಂದರು. ನಮ್ಮ ಹತ್ತಿರ ಪೆನ್ನಿಲ್ಲ, ಫೋನುಗಳು ಬೆಳಿಗ್ಗೆಯೇ ಗೇಟಿನ ಪೆಟ್ಟಿಗೆ ಸೇರಿರುತ್ತವೆ. ಅವರು ಓದಿದರು. “ಟ್ರೈಮೀಥೋಕ್ಸಿಪೆರಾಡ್ಯೂಲೋಫಾಸಿನಾನ್.” ರೈಲು ಹೋದ ಹಾಗೆ ಹೋಯಿತು, ನನಗೆ ಕೊನೆಯ ಡಬ್ಬಿಯೂ ಕಾಣಲಿಲ್ಲ.

“ತುಂಡು ಮಾಡಿ ಹೇಳಿ” ಎಂದಳು ದೊಡ್ಡಮ್ಮ.

ಹನ್ನೊಂದು ತುಂಡಾಯಿತು. ಒಬ್ಬಳು ಮರೆತರೆ ಇನ್ನೊಬ್ಬಳಿಗಿರಲಿ ಎಂದು ದೊಡ್ಡಮ್ಮ ಇಬ್ಬಿಬ್ಬರಿಗೆ ಒಂದೊಂದು ತುಂಡು ಹಂಚಿದಳು. ಕೊನೆಯದನ್ನು ತಾನೊಬ್ಬಳೇ ಇಟ್ಟುಕೊಂಡಳು. ನನ್ನ ಪಾಲಿಗೆ ‘ಥೋ’ ಬಂತು. ಮ್ಯಾನೇಜರು ತಾಳ್ಮೆಯಿಂದ ಮೂರು ಸಲ ಹೇಳಿಕೊಟ್ಟರು, ಅದನ್ನು ಒಪ್ಪಿಕೊಳ್ಳಬೇಕು. ನಾವು ಎದ್ದು ಸೆರಗು ಕೊಡವಿದೆವು.

“ಅರೆ, ಒಬ್ಬಳು ಹೋದರೆ ಸಾಕಲ್ಲ? ಉಳಿದವರು ಸಾಲಿಗೆ ನಡೀರಿ.”

“ಒಬ್ಬಳ ತಲೇಲಿ ಇಷ್ಟುದ್ದ ಹೆಸರು ಹಿಡಿಯಲ್ಲ ಸಾಹೇಬ್ರೇ. ನೀವು ಚೀಟಿ ಕೊಟ್ಟಿದ್ರೆ ಒಬ್ಬಳು ಸಾಕಾಗಿತ್ತು.”

ಇಪ್ಪತ್ತೊಂದು ಜನ ಗೇಟಿನ ಕಡೆ ನಡೆದೆವು. ವಾಚ್‌ಮನ್‌ಗೆ ಫೋನು ಬಂದಿತ್ತು. ಬುತ್ತಿ ಡಬ್ಬಿ ಬಿಚ್ಚಿದ, ಕುಪ್ಪಸದ ತೋಳು ತಡಕಿದ, ಒಬ್ಬಳ ಜಡೆಯನ್ನೂ ಬಿಚ್ಚಿಸಿದ. ಏನು ಒಯ್ಯುತ್ತಿದ್ದೀರಿ ಎಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ, ಬಿಟ್ಟರೆ ತುಂಡು ಬಿದ್ದುಹೋಗುತ್ತದೆಂಬ ಹೆದರಿಕೆ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದಾಗ ನಾನು ಥೋ ಎಂದೆ. ಅವನು ನೊಂದುಕೊಂಡ.

ಆಸ್ಪತ್ರೆಯಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೇಳಿದೆವು. ಡಾಕ್ಟರು ಮೊದಲು ಬೆಪ್ಪಾಗಿ ನೋಡಿದರು, ನಾಲ್ಕನೆಯ ತುಂಡಿಗೆ ಪೆನ್ನು ತೆಗೆದರು. ದೊಡ್ಡಮ್ಮನ ‘ನಾನ್’ ಮುಗಿದ ಮೇಲೆ ಪುಸ್ತಕ ತಿರುವಿದರು. ಇದನ್ನು ತಿನ್ನುವ ಬೆಳೆಗೆ ಹೊಡೆಯುವಂತೆಯೇ ಇಲ್ಲ ಎಂದರು. ತಂಗಿಗೆ ಮದ್ದು ಹತ್ತಿತು. ಸಾಲಿನಲ್ಲಿ ನಿಂತಿದ್ದವರ ಕಣ್ಣಿಗೂ ಟಾರ್ಚು ಬಿಟ್ಟರು. ಏಳು ಜನರ ಬೊಂಬೆಯೂ ಸಾಸಿವೆ ಕಾಳಿನ ಹಾಗೆಯೇ ಇತ್ತು.

ತಂಗಿಯ ಬಲಗಣ್ಣು ತಿಳಿಯಾಯಿತು. ಎಡಗಣ್ಣು ಆಗಲಿಲ್ಲ. ಮಂಗಳವಾರ ಕೇಳಿದಾಗಲೇ ಹೇಳಿದ್ದರೆ ಎರಡೂ ಉಳಿಯುತ್ತಿದ್ದವು. ಇದನ್ನು ನಾನು ಯಾವ ದೇವರೆದುರಿಗೆ ಬೇಕಾದರೂ ಹೇಳುತ್ತೇನೆ.

ಇನ್ನು ಆ ತೋಟಕ್ಕೆ ಹೋಗಬೇಡಿ ಎಂದಿದ್ದರು ಡಾಕ್ಟರು. ನಾವು ಹೋದೆವು. ಒಳಗಲ್ಲ, ಗೇಟಿಗೆ. ಗುರುವಾರ ಬೆಳಿಗ್ಗೆ ಕಾಯಿ ತುಂಬಿದ ಲಾರಿ ಹೊರಗೆ ಬರುವ ಹೊತ್ತಿಗೆ ಸಾಲಾಗಿ ನಿಂತು, ನಮ್ಮ ನಮ್ಮ ತುಂಡನ್ನು ಗಂಟಲು ಹರಿಯುವ ಹಾಗೆ ಕೂಗಿದೆವು. ಮ್ಯಾನೇಜರು ಓಡಿ ಬಂದರು. ಅದು ಗುಟ್ಟು, ಕೂಗಬಾರದು ಎಂದರು. ನಾವು ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಏನಕ್ಕ ಅದು, ಯಾರ ಹೆಸರು?” ಎಂದ.

“ನಿನ್ನ ಲಾರೀಲಿರೋದರ ಹೆಸರಪ್ಪ” ಎಂದಳು ದೊಡ್ಡಮ್ಮ.

ಅವನು ಹಿಂದೆ ತಿರುಗಿ ಲೋಡು ನೋಡಿದ. ನಮ್ಮನ್ನು ನೋಡಿದ. ಆಮೇಲೆ ಇಂಜಿನ್ ಆಫ್ ಮಾಡಿ, ಕೀಲಿ ಕೈಯಲ್ಲಿ ಹಿಡಿದುಕೊಂಡು ಕೆಳಗಿಳಿದ.