ಅಳತೆ ಕೊಡದ ಗಿರಾಕಿ

ಮೂರು ಪೆನ್ನು, ಎರಡು ನೋಟ್‌ಬುಕ್ಕು, ಒಟ್ಟು ಎಪ್ಪತ್ತು ರೂಪಾಯಿ, ನೋಟ್‌ಬುಕ್ಕಿಗೆ ಪೆನ್ನಿಗಿಂತ ಹತ್ತು ಹೆಚ್ಚು, ಹಾಗಾದರೆ ಪೆನ್ನಿಗೆಷ್ಟು — ಒಳಕೋಣೆಯಲ್ಲಿ ಮಗಳು ಗುನುಗುತ್ತಿದ್ದಾಳೆ, ಪಾಠವಿಡೀ ಮತ್ತೆ ಬರೆದು ತಾ ಅಂದಿದ್ದಾರೆ ಟೀಚರ್, ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮನ ಕಾಲು ಪೆಡಲಿನ ಮೇಲೆ ನಿಂತೇಬಿಟ್ಟಿದೆ, ಸೂಜಿಯ ಕೆಳಗಿನ ತಗಡಿನ ಮೇಲೆ ನೂಲಿನ ಚೂರುಗಳ ನಡುವೆ ರಬ್ಬರಿನ ಪುಡಿ, ಬೂದು ಬಣ್ಣದ್ದು, ಸುರುಳಿ ಸುರುಳಿ, ಹೋದ ವಾರದ್ದು, ಒರೆಸಬೇಕು, ಕೈ ಹೋಗುತ್ತಿಲ್ಲ — ಅವತ್ತು ಮಗಳು ಈ ಪಕ್ಕದ ಸ್ಟೂಲಿನಲ್ಲೇ ಕೂತಿದ್ದಳು, ಮಂಡಿಗೆ ಮಂಡಿ ತಾಗಿಸಿಕೊಂಡು, ಅಮ್ಮಾ, ಪೆನ್ನಿನ ಬೆಲೆ ಎಕ್ಸ್ ಅಂತ ಇಟ್ಕೋಬೇಕಂತೆ, ಯಾರೇ ಅದು ಎಕ್ಸು, ಗೊತ್ತಿಲ್ಲದ್ದು ಅಂತಮ್ಮ, ಓಹೋ, ಅಳತೆ ಕೊಡದೆ ಬಟ್ಟೆ ಬಿಟ್ಟುಹೋದ ಗಿರಾಕಿ ಅನ್ನು, ಇಬ್ಬರೂ ನಕ್ಕಿದ್ದರು, ಹಾಗಾದ್ರೆ ಅಂದಾಜಿಗೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡು, ಐದು ಅಂತಿಡು, ಎಷ್ಟಾಯ್ತು, ನಲವತ್ತೈದು, ಬಿಗಿಯಾಯ್ತು ಬಿಚ್ಚು, ಹನ್ನೆರಡು ಇಡು, ಎಂಬತ್ತಮ್ಮ, ದೊಗಳೆ, ಹತ್ತು ಇಡು, ಅಮ್ಮಾ ಸರಿಯಾಯ್ತು, ಎಪ್ಪತ್ತೇ ಬಂತು, ಮಗಳ ಮುಖ ನೋಡಬೇಕಿತ್ತು ಆಗ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ, ಈ ಗೀಚಾಟವೆಲ್ಲ ಅಳಿಸೇ, ಬಟ್ಟೆ ಮುಗಿದ ಮೇಲೆ ಕಚ್ಚಾ ದಾರ ಕಾಣಬಾರದು, ಅಂದವಳು ಇವಳೇ, ಈ ಯಂತ್ರದ ಮೇಲೇ ಹಾಳೆ ಜಾರದ ಹಾಗೆ ಒತ್ತಿ ಹಿಡಿದವಳೂ ಇವಳೇ.

ಪರೀಕ್ಷೆಯಲ್ಲಿ ಕುರ್ಚಿ ಮೇಜಿನ ಲೆಕ್ಕ ಬಂತು, ಮಗಳು ಅಮ್ಮನ ಮಾತು ಮೀರಲಿಲ್ಲ, ತೊಡಿಸಿ ನೋಡಿದಳು, ಬಿಚ್ಚಿದಳು, ಹೊಂದಿದ ಮೇಲೆ ಎಲ್ಲ ಅಳಿಸಿ ಉತ್ತರವೊಂದನ್ನೇ ಬಿಟ್ಟಳು, ಪಕ್ಕದ ಹುಡುಗಿಯದೂ ಅದೇ ಉತ್ತರ, ಅವಳದರಲ್ಲಿ ಸಾಲು ಸಾಲು ಸಮೀಕರಣ, ಮಗಳದರಲ್ಲಿ ಬರೀ ಉಜ್ಜಿದ ಕಲೆ, ಇವತ್ತು ಟೀಚರ್ ಅಮ್ಮನನ್ನೂ ಕರೆಸಿದರು, ಜೋರೇನೂ ಮಾಡಲಿಲ್ಲ ಪಾಪ, ದಾರಿಯೇ ಇಲ್ಲದೆ ಉತ್ತರ ಎಲ್ಲಿಂದ ಬಂತು ಹೇಳಿ, ಮನೇಲಿ ನೀವೇನಾದ್ರೂ ಹೇಳಿಕೊಟ್ರಾ — ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಆದರೆ ಬಾಗಿಲಲ್ಲಿ ಬೇರೆ ತಾಯಂದಿರು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು, ಇವಳ ತೋಳಿನ ಮೇಲೆ ನೂಲಿನ ಎಳೆ, ಹೇಗೆ ಹೇಳಿಕೊಟ್ರಿ ಅಂತ ಕೇಳಿದರೆ, ಬೋರ್ಡಿನ ಮೇಲೆ ಬರೆದು ತೋರಿಸಿ ಅಂದರೆ, ಜೀವ ಹಿಡಿಯಷ್ಟಾಯಿತು, ಅಯ್ಯೋ, ನನಗೇನು ಬರುತ್ತೆ ಟೀಚರ್, ನಾನೇನು ಓದಿದ್ದೀನಾ. ಮಗಳು ಒಂದೇ ಒಂದು ಸಲ ತಲೆಯೆತ್ತಿ ಅಮ್ಮನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ, ಪಕ್ಕದವಳದ್ದು ನೋಡಿ ಬರೆದೆ ಟೀಚರ್. ಅಮ್ಮನ ಸುಳ್ಳು ಸುಳ್ಳಾಗದಿರಲಿ ಅಂತ ಕಳ್ಳತನವನ್ನೇ ತಲೆಗೆ ಕಟ್ಟಿಕೊಂಡಿತಲ್ಲ ಆ ಕೂಸು, ಆಗಲಾದರೂ ಬಾಯಿ ಬಿಡಬಹುದಿತ್ತು, ತೋಳಿನ ನೂಲೆಳೆ ಕೀಳುತ್ತ ನಿಂತಳು, ದಾರಿಯುದ್ದಕ್ಕೂ ಮಗಳು ಎರಡು ಹೆಜ್ಜೆ ಮುಂದೆ.

ಮೂರು ಎಕ್ಸ್, ಕೂಡಿಸು ಎರಡು ಸಲ ಎಕ್ಸ್ ಮತ್ತು ಹತ್ತು, ಸಮ ಎಪ್ಪತ್ತು — ಒಳಗೆ ಗುನುಗು ನಡೆದೇ ಇದೆ, ಐದು ಎಕ್ಸ್ ಸಮ, ಸಮ, ಅಲ್ಲೇ ತಡೆಯಿತು, ಐವತ್ತು ಕಣೇ, ಐವತ್ತು, ಇವಳ ಗಂಟಲಲ್ಲಿ ಬಂದು ನಿಂತಿದೆ, ನಾಳೆ ನಾನೇ ಬಂದು ಟೀಚರ್‌ಗೆ ಹೇಳ್ತೀನಿ ಅನ್ನುವುದೂ ಅದರ ಹಿಂದೆಯೇ ಬಂದು ನಿಂತಿದೆ, ಹೊರಬಿದ್ದದ್ದು ಮಾತ್ರ, ತಾರೇ ಇಲ್ಲಿ, ನೋಡೋಣ. ಬೇಡಮ್ಮ, ನಿನಗೇನು ಬರುತ್ತೆ. ಕುಟುಕಲಿಲ್ಲ, ಮುನಿಸೂ ಇಲ್ಲ, ಊಟ ಆಯ್ತಾ ಅಂತ ಕೇಳುವ ದನಿಯಲ್ಲೇ ಅಂದಳು, ಬಾಗಿಲು ಅರ್ಧ ಮುಚ್ಚಿತ್ತು, ಪೂರ್ತಿ ಮುಚ್ಚಿತು. ಟೀಚರ್ ಮುಂದೆ ಅಮ್ಮನ ಮಾನ ಉಳಿಯಿತು, ಪಕ್ಕದ ಸ್ಟೂಲು ಖಾಲಿಯಾಯಿತು, ತಗಡಿನ ಮೇಲೆ ರಬ್ಬರಿನ ಪುಡಿ, ಬೂದು ಬಣ್ಣದ್ದು, ಸುರುಳಿ ಸುರುಳಿ, ಊದಿದರೆ ಹಾರಿಹೋಗುತ್ತದೆ, ಇವಳು ಉಸಿರು ಬಿಗಿಹಿಡಿದು ಕೂತಿದ್ದಾಳೆ.