ಬಾವುಟವಾಗದ ಬಟ್ಟೆ

ನನ್ನನ್ನು ನೇಯ್ದದ್ದು ಬಾವುಟ ಮಾಡಲೆಂದು. ಬಾಗಲಕೋಟೆ ಸೀಮೆಯ ಒಂದು ಹಳ್ಳಿಯಲ್ಲಿ, ಖಾದಿ ನೇಯುವ ಉದ್ದನೆಯ ಕೋಣೆಯೊಂದರಲ್ಲಿ, ಪಾರವ್ವನೆಂಬ ಮುದುಕಿಯ ಮಗ್ಗದ ಮೇಲೆ ನಾನು ಗೇಣು ಗೇಣಾಗಿ ಬೆಳೆದೆ. ಲಾಳಿ ಆಚೆ ಹೋಗುವಾಗ ಅವಳು ಒಮ್ಮೆ ‘ಶಿವಾ’ ಎನ್ನುವಳು, ಈಚೆ ಬರುವಾಗ ಇನ್ನೊಮ್ಮೆ ‘ಶಿವಾ’ ಎನ್ನುವಳು. ಆದ್ದರಿಂದ ನನ್ನ ಹಾಸು ಬರಿಯ ಹತ್ತಿಯದಾದರೂ ಹೊಕ್ಕಿನಲ್ಲಿ ದೇವರ ಹೆಸರು ಸೇರಿದೆಯೆಂದು ನಾನು ಇಂದಿಗೂ ನಂಬಿದ್ದೇನೆ.

ನಾನು ಅರ್ಧ ಬೆಳೆದಿದ್ದಾಗ ಪಾರವ್ವನ ಗಂಡ ತೀರಿಕೊಂಡ. ದಿನಕರ್ಮ ಮುಗಿಸಿ ಅವಳು ಮತ್ತೆ ಮಗ್ಗಕ್ಕೆ ಬಂದು ಕೂತಳು. ಕೈ ಕೆಲಸ ಮರೆತಿರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡೇ ಇತ್ತು. ಹಾಸಿನ ಒಂದು ಎಳೆ ಹರಿದದ್ದು ಅವಳಿಗೆ ಕಾಣಲಿಲ್ಲ. ಬಾವುಟದ ಬಟ್ಟೆಯನ್ನು ಭೂತಗನ್ನಡಿ ಇಟ್ಟು ಎಳೆ ಎಳೆಯಾಗಿ ನೋಡುತ್ತಾರೆ. ನೋಡುವ ಸಾಹೇಬರು ನನ್ನ ಮೇಲೆ ಬಗ್ಗಿದರು, ನಿಟ್ಟುಸಿರು ಬಿಟ್ಟರು.

“ಪಾರವ್ವಾ, ಒಂದು ಎಳಿ ತಪ್ಪೇತಿ. ಇದು ಬಾವುಟಕ್ಕ ಬರೂದಿಲ್ಲ.”

“ನನ್ನ ಮನಿಯಾಗ ಒಂದು ಎಳಿ ಹರೀತಲ್ಲ ಯಪ್ಪಾ, ಅದು ಇದರಾಗೂ ಬಂತು” ಎಂದಳು ಪಾರವ್ವ. ನನ್ನನ್ನು ಮಡಚಿ ಕಣ್ಣಿಗೊತ್ತಿಕೊಂಡು, “ಹೋಗವ್ವ. ಎಲ್ಲಿದ್ರೂ ಯಾರದರ ಮಾನ ಮುಚ್ಚು” ಎಂದು ಹರಸಿ ಕಳಿಸಿದಳು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಅಲ್ಲಿಂದ ನಾನು ತುಂಗಭದ್ರೆಯ ಕಡೆಯ ಒಂದು ಊರಿನ ಖಾದಿ ಅಂಗಡಿಗೆ ಬಂದೆ. ಗಾಂಧಿ ಜಯಂತಿಯ ರಿಯಾಯಿತಿಯಲ್ಲಿ ನನ್ನನ್ನು ಕೊಂಡವರು ಅಲ್ಲಿಯ ಸರಕಾರಿ ಶಾಲೆಯ ಡ್ರಾಯಿಂಗ್ ಮಾಸ್ತರರು, ವಿರೂಪಾಕ್ಷಪ್ಪನವರು. ದೀಪಾವಳಿಗೆ ಜುಬ್ಬಾ ಹೊಲಿಸಬೇಕೆಂದು ಅವರ ಬಯಕೆ. ಅಷ್ಟರಲ್ಲಿ ಬೆಂಗಳೂರಿನಿಂದ ಶಾಲೆಗೆ ಕರೆ ಬಂತು. ದೇಶದ ಮಕ್ಕಳು ತಮ್ಮ ನಾಡು ಹೇಗೆ ಉದ್ಧಾರವಾಗಬೇಕೆಂದು ಚಿತ್ರ ಬರೆದು ಕಳಿಸಬೇಕು. ಒಳ್ಳೆಯವು ಪರದೇಶಗಳಿಗೂ ಹೋಗುತ್ತವೆ. ದೊಡ್ಡವರು ಅವನ್ನು ನೋಡಿ ಕಲಿಯಬೇಕು, ಎಂದು. ಮಾಸ್ತರರಿಗೆ ತಮ್ಮ ತರಗತಿಯ ಮಕ್ಕಳೆಲ್ಲ ಕೂಡಿ ಒಂದೇ ಚಿತ್ರ ಬರೆಯಬೇಕೆಂಬ ಹುಚ್ಚು ಹಿಡಿಯಿತು. ಅಷ್ಟು ದೊಡ್ಡ ಕಾಗದ ಎಲ್ಲಿಂದ ಬರಬೇಕು? ಟ್ರಂಕಿನಿಂದ ನನ್ನನ್ನು ತೆಗೆದರು.

ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. “ಹಬ್ಬಕ್ಕ ಜುಬ್ಬಾ ಹೊಲಸ್ತೀನಿ ಅಂದ್ರಿ. ಈಗ ಇದನ್ನ ಹುಡುಗ್ರ ಮುಂದ ಹಾಸ್ತೀರೇನು?”

“ದೇಶದ ಕೆಲಸ ಐತಿ.”

“ಹಂಗಾರ ಹಬ್ಬಕ್ಕ ದೇಶಾನ ಉಟ್ಕೊಂಡು ಅಡ್ಡಾಡ್ರಿ!”

ಅಷ್ಟು ಬೈದ ಅವರೇ ಹುಣಸೆಬೀಜ ಹುರಿದು, ಕುಟ್ಟಿ, ಕುದಿಸಿ ಅಂಟು ಮಾಡಿಕೊಟ್ಟರು. ಅದನ್ನು ನನಗೆ ಬಳಿದು, ಬಿಸಿಲಿಗೆ ಒಣಗಿಸಿ, ನಾನು ಬಣ್ಣ ಕುಡಿಯದಂತೆ ಮಾಡಿದರು. ಶಾಲೆಯ ಹಜಾರದ ನೆಲದ ಮೇಲೆ ನನ್ನನ್ನು ಹಾಸಿದರು.

ಕೆಳಗೆ ಮಲಗಿ ಮೇಲಕ್ಕೆ ನೋಡುವವರಿಗೆ ಮಕ್ಕಳು ಬೇರೆಯೇ ಕಾಣುತ್ತಾರೆ. ಗಾಯದ ಮೊಣಕಾಲು, ಕಚ್ಚಿಕೊಂಡ ನಾಲಗೆ, ಮೂಗಿನ ತುದಿಯ ಬಣ್ಣ. ದೇವರು ಲೋಕವನ್ನು ಮಾಡಿದಾಗ ಅವನ ಮುಖವೂ ಹೀಗೆಯೇ ಇದ್ದಿರಬೇಕು ಎನಿಸಿ ನನಗೆ ಮೈ ನವಿರೆದ್ದಿತು. ಖಾಸಿಂ ಎಂಬ ಹುಡುಗ ಒಂದು ಬಸ್ಸು ಬರೆದ. ಅವನ ಅಜ್ಜಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಆದ್ದರಿಂದ ಈ ಬಸ್ಸು ಒಂಟೆಯ ಹಾಗೆ ಮಂಡಿಯೂರಿ ಕೂತು ಮುದುಕರನ್ನು ಹತ್ತಿಸಿಕೊಳ್ಳುತ್ತಿತ್ತು. ಬಸನಗೌಡ ದೇಶದ ಗಡಿ ಬರೆದ. ಬೇಲಿಯ ಎರಡೂ ಕಡೆಯ ಸಿಪಾಯಿಗಳು ನಡುವೆ ಒಲೆ ಹೂಡಿ ಚಹಾ ಕುಡಿಯುತ್ತಿದ್ದರು. ಸುಮಂಗಲಾ ಬರೆದ ರಾಕೆಟ್ಟು ಚಂದ್ರನಿಂದ ನೀರು ತುಂಬಿಕೊಂಡು ಬರುತ್ತಿತ್ತು. ಅದರ ಹಿಂದೆ ಕೊಡ ಹಿಡಿದು ಅವಳ ಓಣಿಯ ಹೆಂಗಸರೆಲ್ಲ ಸಾಲು ನಿಂತಿದ್ದರು.

ನನ್ನ ಬಲ ಮೂಲೆಯಲ್ಲಿ ಹುಲಿಗೆಮ್ಮ ಕೂತಿದ್ದಳು. ಹುಲಿಗಿ ಎಂದು ಕರೆಯುತ್ತಿದ್ದರು. ಅವಳ ಅಪ್ಪ ಮರಿಯಪ್ಪ ಊರಿನ ಒಳಚರಂಡಿಯ ಕೆಲಸ ಮಾಡುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಕಟ್ಟಿಕೊಂಡ ಗುಂಡಿಯನ್ನು ಬಿಡಿಸಲು ಅವನನ್ನು ಒಳಗಿಳಿಸಿದ್ದರು. ಒಳಗಿನ ಗಾಳಿ ವಿಷವಾಗಿತ್ತು. ಇಳಿದವನು ಜೀವಂತ ಮೇಲೆ ಬರಲಿಲ್ಲ. ಅವನದೊಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಹುಲಿಗಿ ನೆನಪಿನಿಂದಲೇ ಬರೆದಳು: ಒಂದು ಬೀದಿ, ಅದರ ನಡುವೆ ಬಿಗಿಯಾಗಿ ಮುಚ್ಚಿದ ಗುಂಡಿಯ ಮುಚ್ಚಳ, ಪಕ್ಕದಲ್ಲಿ ಸೊಂಡಿಲಿನಿಂದ ಹೊಲಸು ಎಳೆಯುವ ದೊಡ್ಡ ಯಂತ್ರ. ಮುಚ್ಚಳದ ಮೇಲೆ ಅಪ್ಪ ನಿಂತಿದ್ದ. ಹೆಗಲ ಮೇಲೆ ಕೆಂಪು ಟವೆಲ್, ಕಿವಿಯ ಮೇಲೆ ಬೀಡಿ, ಮೈಮೇಲೆ ಮಡಿ ಅಂಗಿ. ಅವನ ಕಣ್ಣು ಬರೆಯುವಾಗ ಅವಳು ಉಸಿರು ಬಿಗಿಹಿಡಿದಿದ್ದಳು. ಪ್ರತಿಷ್ಠೆಯ ದಿನ ಶಿಲ್ಪಿ ವಿಗ್ರಹದ ಕಣ್ಣು ತೆರೆಸುವಾಗ ಹಿಡಿಯುವ ಉಸಿರು ಅದು.

ಪ್ರದರ್ಶನ ಸಮಿತಿಯಿಂದ ಒಬ್ಬ ಸಾಹೇಬರು ನೋಡಲು ಬಂದರು. ಬಸ್ಸು ನೋಡಿ ನಕ್ಕರು, ರಾಕೆಟ್ಟು ನೋಡಿ ಭೇಷ್ ಎಂದರು. ಬಲ ಮೂಲೆಗೆ ಬಂದು ನಿಂತವರ ಮುಖ ಬಿಗಿಯಿತು.

“ಏನ್ ಮಾಸ್ತರ್ರೇ, ಇದು ಹೊರದೇಶಕ್ಕೆ ಹೋಗೋದು. ನಮ್ಮ ಹೊಲಸನ್ನ ನಾವೇ ಮೆರವಣಿಗೆ ಮಾಡೋದಾ?”

“ಹೊಲಸು ಅಲ್ರೀ ಸಾಹೇಬ್ರ. ಅದು ಆ ಹುಡುಗಿ ಅಪ್ಪ.”

“ಯಾರಾದರೂ ಆಗಲಿ. ಅಲ್ಲೊಂದು ನವಿಲು ಬರೀರಿ, ನಮ್ಮ ರಾಷ್ಟ್ರಪಕ್ಷಿ. ಇಲ್ಲಾಂದ್ರೆ ಬಟ್ಟೆ ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ.”

ಮಾಸ್ತರರು ಕೆಟ್ಟವರಲ್ಲ, ಆದರೆ ಮೇಲಿನವರ ಮಾತಿಗೆ ಇಲ್ಲವೆಂದು ಹೇಳಿ ಅಭ್ಯಾಸವಿದ್ದವರಲ್ಲ. ಒಂದು ಮೂಲೆಗಾಗಿ ಉಳಿದ ಮಕ್ಕಳ ಚಿತ್ರ ನಿಲ್ಲಬಾರದೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ನೀಲಿ ಕಲಸಿದರು. ನವಿಲು ಬರೆಯುವುದರಲ್ಲಿ ಅವರದು ಪಳಗಿದ ಕೈ. ಮೊದಲು ಮುಚ್ಚಳ ಹೋಯಿತು, ಆಮೇಲೆ ಯಂತ್ರ, ಆಮೇಲೆ ಮಡಿ ಅಂಗಿ. ಹುಲಿಗಿ ಎದುರಿಗೇ ಕೂತಿದ್ದಳು. ಅಳಲಿಲ್ಲ. ನವಿಲಿನ ಕೊರಳು ಅಪ್ಪನ ಮುಖವನ್ನು ಮುಚ್ಚಿದಾಗ ಮೆಲ್ಲಗೆ ಹೇಳಿದಳು:

“ಮತ್ತ ಅಪ್ಪನ್ನ ಒಳಗ ಇಳಿಸಿದ್ರಲ್ಲರಿ ಸರ.”

ಮಾಸ್ತರರು ಕುಂಚ ಕೆಳಗಿಟ್ಟರು. ಅವರು ಎದ್ದು ಪಡಸಾಲೆಗೆ ಹೋಗಿ ಕಂಬಕ್ಕೆ ಹಣೆ ಹಚ್ಚಿ ನಿಂತರು. ಆ ಬಣ್ಣದ ಭಾರವನ್ನು ನಾನು ಹೇಗೆ ಹೇಳಲಿ? ಮಾನ ಮುಚ್ಚಲು ಹುಟ್ಟಿದ ಬಟ್ಟೆ ನಾನು. ಅಂದು ಒಬ್ಬ ಮನುಷ್ಯನನ್ನೇ ನನ್ನ ಮೇಲೆ ಮುಚ್ಚಿದ್ದರು.

ಖಾಸಿಂ ಮೂಗು ಒರೆಸಿಕೊಂಡು ಎಂದ: “ಹುಲಿಗಿ, ನಮ್ಮ ಬಸ್ಸಿನ್ಯಾಗ ಕಿಡಕಿ ಕಡೆ ಸೀಟು ಖಾಲಿ ಐತಿ. ನಿಮ್ಮಪ್ಪನ್ನ ಕೂಡಿಸೋಣೇನು?”

ಅವಳು ತಲೆಯೆತ್ತಿದಳು. “ಟಿಕೀಟು?”

“ಬಸ್ಸು ನಂದ. ಯಾವನ್ ಕೇಳ್ತಾನ ಟಿಕೀಟು!”

ಹುಲಿಗಿ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ಖಾಸಿಂ ಬರೆಯತೊಡಗಿದ. “ಮೀಸಿ ದಪ್ಪ ಮಾಡಬ್ಯಾಡೋ, ಪೊಲೀಸ್ ಕಂಡಂಗ ಕಾಣ್ತಾನ. ಅಪ್ಪಂದು ಸಣ್ಣ ಮೀಸಿ” ಎಂದು ಅವಳು ತಿದ್ದಿದಳು. ಅಷ್ಟರಲ್ಲಿ ಬಸನಗೌಡ ತನ್ನ ಗಡಿಯಿಂದ ಕೂಗಿದ: “ಇಲ್ಲಿ ಚಾ ಕಾಸಾಕ ಒಬ್ಬರು ಬೇಕಾಗ್ಯಾರ!” ಸುಮಂಗಲಾ ರಾಕೆಟ್ಟಿನ ಕಿಟಕಿಯನ್ನು ಒರೆಸಿ ಅಗಲ ಮಾಡಿ, ಅಲ್ಲಿ ಮರಿಯಪ್ಪನನ್ನು ಕೂಡಿಸಿದಳು. ಒಬ್ಬನು ಗಿಡದ ನೆರಳಿನಲ್ಲಿ ಅವನನ್ನು ಮಲಗಿಸಿದ. ಇನ್ನೊಬ್ಬಳು ಆಸ್ಪತ್ರೆಯ ಮುಂದೆ ನಿಲ್ಲಿಸಿ, ಅವನ ಕೈಗೆ ಎಳೆಗೂಸನ್ನು ಕೊಟ್ಟಳು. ಪಾಟಿಚೀಲ ಹೊರಿಸಿ ಶಾಲೆಗೆ ಕಳಿಸಿದವಳೂ ಇದ್ದಳು. ಮರಿಯಪ್ಪ ಶಾಲೆ ಕಂಡವನಲ್ಲವೆಂದು ಹುಲಿಗಿ ಆಗತಾನೆ ಹೇಳಿದ್ದಳು. ಹಜಾರದ ಈ ತುದಿಯಿಂದ ಆ ತುದಿಗೆ ಅವಳು ಓಡಾಡಿ, ಅಪ್ಪನ ಕಿವಿ ಹೀಗೆ, ನಗು ಹೀಗೆ ಎಂದು ತೋರಿಸುತ್ತಿದ್ದಳು. ಸ್ವಾಮಿ ಎಲ್ಲೆಲ್ಲೂ ಇದ್ದಾನೆ ಎಂದು ಪಾರವ್ವ ಹಾಡಿಕೊಳ್ಳುತ್ತಿದ್ದಳು; ಅದರ ಅರ್ಥ ನನಗೆ ತಿಳಿದದ್ದು ಆ ಸಂಜೆ. ಒಬ್ಬ ಬಡ ಕೂಲಿಯವನು ನನ್ನ ತುಂಬ ತುಂಬಿಕೊಳ್ಳುತ್ತಿದ್ದ.

ಮಾಸ್ತರರು ಒಳಗೆ ಬಂದರು. ನೋಡಿದರು. ಚಪ್ಪಲಿ ಬಿಟ್ಟು, ನನ್ನ ಅಂಚಿನಲ್ಲಿ ಕೈಮುಗಿದು ನಿಂತರು. ಆಮೇಲೆ “ಟವೆಲ್ಲಿಗೆ ಇನ್ನಷ್ಟು ಕೆಂಪು ಹಚ್ರಿ. ದೂರದಿಂದ ಕಾಣಬೇಕು” ಎಂದಷ್ಟೇ ಹೇಳಿದರು.

ಬೆಳಿಗ್ಗೆ ಸಾಹೇಬರು ಗಾಡಿ ತಂದರು. ನೆಟ್ಟಗೆ ಬಲ ಮೂಲೆಗೆ ಹೋಗಿ, “ನವಿಲು ಬಹಳ ಚೆನ್ನಾಗಿ ಬಂದಿದೆ” ಎಂದು ಮೆಚ್ಚಿ, ನನ್ನನ್ನು ಸುತ್ತಿಸಿದರು. ಬೇರೆ ಕಡೆ ಅವರು ಕಣ್ಣು ಹಾಯಿಸಲೇ ಇಲ್ಲ.

ಬೆಂಗಳೂರಿನ ದೊಡ್ಡ ಸಭಾಂಗಣದಲ್ಲಿ ನನ್ನನ್ನು ಗೋಡೆಗೆ ತೂಗುಹಾಕಿದರು. ಮಾಸ್ತರರು, ಹುಲಿಗಿ, ಖಾಸಿಂ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ತಾಯಿಯ ಕೈಹಿಡಿದು ಬಂದ ಪಟ್ಟಣದ ಪುಟ್ಟ ಮಗುವೊಂದು ನನ್ನ ಮುಂದೆ ನಿಂತುಬಿಟ್ಟಿತು. “ಅಮ್ಮಾ, ಈ ಮಾಮ ಬಸ್ಸಲ್ಲೂ ಇದಾನೆ! ನೋಡು, ಇಲ್ಲೂ! ಅಯ್ಯೋ, ರಾಕೆಟ್ಟಲ್ಲೂ!” ಕೂಗು ಕೇಳಿ ಬೇರೆ ಮಕ್ಕಳು ಬಂದರು. ಕೆಂಪು ಟವೆಲ್ಲಿನವನನ್ನು ಹುಡುಕುವುದೇ ಅವರಿಗೆ ಆಟವಾಯಿತು. ಜನ ಸೇರಿತು. ಸಾಹೇಬರೂ ಬಂದರು, ಆಗ ಅವರು ನನ್ನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು.

“ಯಾರು ಇವರು?” ಎಂದು ಆ ತಾಯಿ ಸಾಹೇಬರನ್ನೇ ಕೇಳಿದಳು.

ಹುಲಿಗಿ ಮುಂದೆ ಬಂದಳು.

“ನಮ್ಮಪ್ಪರಿ. ಮರಿಯಪ್ಪ ಅಂತ. ಊರಿನ ಹೊಲಸು ತಗಿಯಾಕ ಗುಂಡಿ ಒಳಗ ಇಳಿಸಿದ್ರು. ಸತ್ತ. ನಮ್ಮ ದೇಶದಾಗ ಇನ್ನ ಯಾರೂ ಒಳಗ ಇಳೀಬಾರದು. ಎಲ್ಲಾರೂ ಮ್ಯಾಲ ಇರಬೇಕು.”

ಸಾಹೇಬರು ಹೊರಗೆ ಹೋದರು. ಆದರೆ ಪರದೇಶಕ್ಕೆ ಹೊರಟ ದಿನ ನನ್ನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಮರಿಯಪ್ಪನ ಹೆಸರೂ ಅವನು ಸತ್ತ ಬಗೆಯೂ ಇತ್ತು. ಬರೆಸಿದವರು ಆ ಸಾಹೇಬರೇ.

ಗಂಗಾವತಿಯಿಂದ ಆಚೆ ಹೋಗದ ಮರಿಯಪ್ಪ ಕಡಲು ದಾಟಿದ. ಮಂಜು ಬೀಳುವ ಊರುಗಳಲ್ಲಿ ನನ್ನನ್ನು ತೂಗುಹಾಕಿದರು. ನಮ್ಮ ಅಕ್ಷರ ಅರಿಯದ ಮಕ್ಕಳು ಬೆರಳಿಟ್ಟು ಕೆಂಪು ಟವೆಲ್ಲನ್ನು ಹುಡುಕಿದರು. ಚೀಟಿಯನ್ನು ಯಾರೋ ಓದಿ ಹೇಳಿದಾಗ ನೆಲದ ಮೇಲೆ ಕೂತು ತಮ್ಮ ತಮ್ಮ ಹಾಳೆಗಳಲ್ಲಿ ಅವನಿಗೆ ಜಾಗ ಕೊಟ್ಟರು. ಒಬ್ಬಳು ಚಳಿಯಾದೀತೆಂದು ಅವನಿಗೆ ಉಣ್ಣೆಯ ಟೊಪ್ಪಿಗೆ ಹಾಕಿದಳು. ಭಗವಂತನೇ, ಒಂದು ಕೂಸಿನ ಕೈಗೆ ಎಂಥ ಬಲ ಕೊಟ್ಟಿದ್ದೀಯೆ ಎಂದು ನಾನು ಬೆರಗಾಗಿ ತೂಗುತ್ತಿದ್ದೆ.

ನಾನು ತಿರುಗಿ ಬಂದಾಗ ಮಾಸ್ತರರಿಗೆ ನಿವೃತ್ತಿಯಾಗಿತ್ತು. ಅವರು ನನ್ನನ್ನು ಊರಿನ ಪೌರಕಾರ್ಮಿಕರು ಹಾಜರಿ ಹಾಕುವ ಕೋಣೆಗೆ ತಂದು, ತಮ್ಮ ಕೈಯಾರೆ ಗೋಡೆಗೆ ಮೊಳೆ ಬಡಿದು ತೂಗುಹಾಕಿದರು. ಈಗ ನನ್ನ ವಾಸ ಅಲ್ಲಿಯೇ. ಹುಲಿಗಿ ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳ ತಾಯಿ ದುರಗವ್ವ ಇದೇ ಕೋಣೆಯಿಂದ ಪೊರಕೆ ಹಿಡಿದು ಕೆಲಸಕ್ಕೆ ಹೋಗುತ್ತಾಳೆ. ಬಹಳ ಕಾಲ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಮುಖ ತಿರುಗಿಸಿ ಹಾಜರಿ ಹಾಕಿ ಹೋಗುವಳು. ದೇವರು ಕೊಟ್ಟ ದುಃಖವನ್ನು ಯಾರು ಯಾವ ಹೊತ್ತಿಗೆ ನೋಡಬಲ್ಲರೆಂದು ಹೇಳುವವರಾರು? ಬಟ್ಟೆಯಾದ ನಾನು ಕಾಯುವುದನ್ನು ಬಲ್ಲೆ.

ಮೊನ್ನೆ ಮಳೆಗೆ ಸಂತೆಬೀದಿಯ ಗುಂಡಿ ಕಟ್ಟಿಕೊಂಡಿತು. ಕೆಲಸಗಾರರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಅವಸರದಲ್ಲಿ ಬಂದು, ಹೊಸದಾಗಿ ಸೇರಿದ ನಿಂಗಜ್ಜನೆಂಬ ತರುಣನ ಹೆಗಲ ಮೇಲೆ ಕೈಯಿಟ್ಟ. “ಮಷಿನ್ ಗಂಗಾವತಿಯಿಂದ ಬರೂದ್ರಾಗ ಹೊತ್ತು ಮುಳಗ್ತೈತಿ. ಐದು ಮಿನಿಟಿನ ಕೆಲಸ ತಮ್ಮಾ. ಹಿಂಗ ಇಳದು ಹಂಗ ಬಾ.”

ನಿಂಗಜ್ಜ ಅಂಗಿ ಬಿಚ್ಚತೊಡಗಿದ. ಆಗ ದುರಗವ್ವ ಬಾಗಿಲಿಗೆ ಅಡ್ಡಲಾಗಿ ಬಂದು ನಿಂತಳು.

“ಇವ್ರಿಗೂ ಐದು ಮಿನಿಟು ಅಂತ ಹೇಳಿದ್ರಿ, ಮುಕಾದಮ್ರ” ಎಂದಳು. ಕೈಯೆತ್ತಿ ನನ್ನನ್ನು ತೋರಿಸಿದಳು. ತೋರಿಸುವಾಗ ತಾನೂ ನೋಡಿದಳು. ಬಸ್ಸಿನ ಕಿಟಕಿ, ಗಡಿಯ ಒಲೆ, ಆಸ್ಪತ್ರೆಯ ಬಾಗಿಲು. ಅವಳ ಕಣ್ಣು ಒಂದೊಂದೇ ಚಿತ್ರದ ಮುಂದೆ ನಿಂತು, ಗಂಡನನ್ನು ಗುರುತಿಸಿ, ಮುಂದಕ್ಕೆ ಸಾಗಿತು. “ಮೊದಲ ಇವ್ರ ಮಾರಿ ನೋಡ್ರಿ. ನೋಡಿ, ಆಮ್ಯಾಲ ಅವಗ ಇಳಿ ಅನ್ರಿ.”

ಮುಕಾದಮ ನನ್ನ ಕಡೆ ನೋಡಿದ. ನೋಡುತ್ತಲೇ ನಿಂತ. ಕಡೆಗೆ ಜೇಬಿನಿಂದ ಫೋನು ತೆಗೆದು, ಯಂತ್ರ ಕಳಿಸಿರೆಂದು ಗಂಗಾವತಿಗೆ ಹೇಳಿದ. ಅದು ಬರುವವರೆಗೆ ಸಂತೆಬೀದಿ ನಾರಿತು. ಅಂಗಡಿಯವರು ಮೂಗು ಮುಚ್ಚಿಕೊಂಡು ಬೈದರು. ಬೈಯಲಿ.

ನಾನು ಯಾವ ಕೋಟೆಯ ಮೇಲೂ ಹಾರಲಿಲ್ಲ. ಯಾರೂ ನನಗೆ ಎದ್ದು ನಿಂತು ವಂದಿಸಲಿಲ್ಲ. ಈಗ ಬಣ್ಣ ಅಲ್ಲಲ್ಲಿ ಉದುರುತ್ತಿದೆ, ಅಂಚಿಗೆ ಹುಳು ಬಿದ್ದಿದೆ. ಮಕ್ಕಳು ಬರೆದ ದೇಶ ಇನ್ನೂ ಬಂದಿಲ್ಲವೆಂಬುದೂ ನನಗೆ ಗೊತ್ತು. ಆದರೆ ಆ ದೇಶದ ಒಂದು ದಿನವನ್ನು ನಾನು ಈ ಗೋಡೆಯಿಂದ ಕಣ್ಣಾರೆ ಕಂಡೆ. ಸಂಜೆ ಕೆಲಸ ಮುಗಿದ ಮೇಲೆ ನಿಂಗಜ್ಜ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡ. ನನ್ನ ಮುಂದೆಯೇ ನಿಂತು ತಲೆ ಬಾಚಿಕೊಂಡ. ಆಮೇಲೆ ಸಿಳ್ಳೆ ಹಾಕುತ್ತ ಮನೆಗೆ ಹೋದ.